ಲಜ್ಜಾಪಿಂಡದಿಂದ ಪಡಿತರ ಚೀಟಿಯವರೆಗೆ

ಆದಿತೀರ್ಥಂಕರರಾದ ವೃಷಭನಾಥರು ದೀಕ್ಷೆಯನ್ನು ಕೈಗೊಂಡು, ಆರು ತಿಂಗಳ ಯೋಗವನ್ನು ಮುಗಿಸಿ ಚರ್ಯೆಗೆ ಹೊರಟಾಗ ಪ್ರಜೆಗಳು ಅವರ ಮುಂದೆ ಆನೆ ಕುದುರೆಗಳನ್ನೂ ರತ್ನಾಭರಣಗಳನ್ನೂ ತಂದು ನಿಲ್ಲಿಸಿದರೆಂದು ಆದಿಪುರಾಣವು ನಿರೂಪಿಸುತ್ತದೆ. ಪ್ರಜೆಗಳಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಐಶ್ವರ್ಯಕ್ಕೂ ಕೊರತೆಯಿರಲಿಲ್ಲ. ಎದುರಿಗೆ ನಿಂತವರಿಗೆ ಬೇಕಾದದ್ದು ಏನು, ಅದನ್ನು ಹೇಗೆ ಕೊಡಬೇಕು ಎಂಬ ತಿಳಿವಳಿಕೆಯೊಂದು ಮಾತ್ರ ಅವರಲ್ಲಿರಲಿಲ್ಲ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸ ಕುಮಾರನು ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ಹಾಲನ್ನು ಅವರ ಅಂಜಲಿಗೆ ಎರೆದನು. ಆ ದಿನವನ್ನೇ ನಾವು ಅಕ್ಷಯ ತೃತೀಯವೆಂದು ಆಚರಿಸುತ್ತೇವೆ.

ದಾನದ ಶ್ರೇಷ್ಠತೆಯನ್ನು ನಿರ್ಣಯಿಸುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ದ್ರವ್ಯ, ದಾತೃ, ಪಾತ್ರಗಳೊಂದಿಗೆ ವಿಧಿಯನ್ನೂ ಎಣಿಸಿದ್ದಾರೆ. ಎಣಿಸಿರುವುದಷ್ಟೇ ಅಲ್ಲದೆ ಮೊದಲ ಸ್ಥಾನದಲ್ಲಿಯೇ ಇರಿಸಿದ್ದಾರೆ. ಮುನಿಗಳ ಆಹಾರದಾನದಲ್ಲಿ ಈ ವಿಧಿಯು ನವಧಾಭಕ್ತಿಯ ರೂಪದಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಕೊಡುವವನು ಬಾಗಿಲಲ್ಲಿ ಕಾದು ನಿಲ್ಲುತ್ತಾನೆ, ಆಹ್ವಾನಿಸುತ್ತಾನೆ, ಪಾದಗಳನ್ನು ತೊಳೆಯುತ್ತಾನೆ, ನಮಸ್ಕರಿಸುತ್ತಾನೆ. ಸ್ವೀಕರಿಸುವವರು ನೆಟ್ಟಗೆ ನಿಂತಿರುತ್ತಾರೆ. ಬಡವನ ಹಸಿವಿಗೆ ನೀಡುವ ಕರುಣಾದಾನದಲ್ಲಿ ಈ ಚಿತ್ರವು ತಲೆಕೆಳಗಾಗುತ್ತದೆ: ಕೊಡುವವನು ಎತ್ತರದಲ್ಲಿ ಕುಳಿತಿರುತ್ತಾನೆ, ಪಡೆಯುವವನು ಸಾಲಿನಲ್ಲಿ ನಿಂತು ತಲೆ ಬಾಗುತ್ತಾನೆ. ಈ ಬಾಗುವಿಕೆಯನ್ನು ತಪ್ಪಿಸುವ ಪ್ರಯತ್ನಗಳು ಇತಿಹಾಸದಲ್ಲಿ ನಡೆದಿವೆಯೇ, ನಡೆದಿದ್ದರೆ ನಮ್ಮ ದಾವಣಗೆರೆ ಹರಿಹರಗಳ ಪೇಟೆ ಸಂತೆಗಳಲ್ಲಿ ಅವು ಯಾವ ರೂಪ ತಾಳಿದವು ಎಂಬುದು ವಿಚಾರಾರ್ಹವಾದ ಸಂಗತಿ.

ಜೈನ ಇತಿಹಾಸದಲ್ಲಿ ಈ ಬಗೆಯ ಪ್ರಯತ್ನಕ್ಕೆ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಕಚ್ಛದ ಭದ್ರೇಶ್ವರದ ವರ್ತಕ ಜಗಡೂ ಶಾಹನದು. ಕ್ರಿ.ಶ. 1256ರಿಂದ ಮೂರು ವರ್ಷಗಳ ಕಾಲ ಗುಜರಾತವನ್ನು ಕಾಡಿದ ಬರಗಾಲದಲ್ಲಿ ಅವನು ತನ್ನ ಕಣಜಗಳನ್ನು ತೆರೆದನೆಂದೂ, ದೇಶದ ಅನೇಕ ಕಡೆ ದಾನಶಾಲೆಗಳನ್ನು ಸ್ಥಾಪಿಸಿದನೆಂದೂ ಸರ್ವಾನಂದಸೂರಿಯ ‘ಜಗಡೂಚರಿತ’ ಹೇಳುತ್ತದೆ. ಕಾವ್ಯವಾದುದರಿಂದ ಅದರಲ್ಲಿ ಬರುವ ಧಾನ್ಯದ ಲೆಕ್ಕಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅಲ್ಲಿಯ ಒಂದು ವಿವರ ಲೆಕ್ಕಕ್ಕಿಂತ ದೊಡ್ಡದು. ದಾನಶಾಲೆಯ ಬಾಗಿಲಿಗೆ ಬರಲು ನಾಚುವ ಕುಲೀನ ಬಡವರಿಗಾಗಿ ಜಗಡೂ ಶಾಹನು ಸಿಹಿಯುಂಡೆಗಳ ಒಳಗೆ ಹೊನ್ನಿನ ನಾಣ್ಯವನ್ನಿಟ್ಟು ರಾತ್ರಿಯ ವೇಳೆ ಗುಟ್ಟಾಗಿ ಹಂಚಿಸಿದನು. ಅವುಗಳಿಗೆ ‘ಲಜ್ಜಾಪಿಂಡ’ವೆಂದು ಹೆಸರು. ಉಂಡೆ ಪಡೆದವನು ಮರುದಿನ ಬೆಳಗ್ಗೆ ಪೇಟೆಗೆ ಹೋಗಿ, ಎಲ್ಲರಂತೆ ನಾಣ್ಯ ಕೊಟ್ಟು, ತನಗೆ ಬೇಕಾದ ಧಾನ್ಯವನ್ನು ಕೊಳ್ಳಬಹುದಾಗಿತ್ತು. ಅನ್ನವನ್ನು ಕೊಡುವುದರ ಬದಲಾಗಿ ಕೊಳ್ಳುವವನ ಸ್ಥಾನವನ್ನೇ ಕೊಟ್ಟ ದಾನವಿದು.

ಕನ್ನಡ ನಾಡಿನಲ್ಲಿಯೂ ಸಂತೆಗೂ ದಾನಕ್ಕೂ ಹಳೆಯ ನಂಟಿದೆ. ಬಸದಿಗಳಿಗೆ ಭೂಮಿ ಬಿಡುವಾಗ ಅಷ್ಟವಿಧಾರ್ಚನೆ, ಜೀರ್ಣೋದ್ಧಾರಗಳ ಜೊತೆಗೆ ಋಷಿಯರ ಆಹಾರದಾನವನ್ನು ಹೆಸರಿಸುವುದು ಶಾಸನಗಳಲ್ಲಿ ರೂಢಿ. ವರ್ತಕ ಸಂಘಗಳು ತಾವು ಮಾರುವ ಹೇರಿನ ಮೇಲೆ, ಎಣ್ಣೆಯ ಗಾಣದ ಮೇಲೆ, ಎಲೆಯ ಹೊರೆಯ ಮೇಲೆ ಇಷ್ಟಿಷ್ಟು ಎಂದು ದೇವಾಲಯ ಬಸದಿಗಳಿಗೆ ಬಿಟ್ಟುಕೊಟ್ಟ ಉಲ್ಲೇಖಗಳೂ ಹೇರಳವಾಗಿವೆ. ‘ಪಡಿತರ’ವೆಂಬ ಮಾತು ಸಹ ಇದೇ ಲೋಕದಿಂದ ಬಂದದ್ದು. ಪಡಿ ಎಂದರೆ ಅಳೆದು ಕೊಟ್ಟದ್ದು. ದೇವಸ್ಥಾನದ ನಿತ್ಯನೈವೇದ್ಯಕ್ಕೆ ಗೊತ್ತುಮಾಡಿದ ಸಾಮಗ್ರಿಗೆ ಮೈಸೂರು ಸೀಮೆಯಲ್ಲಿ ಪಡಿತರವೆಂದೇ ಹೆಸರು. ದೇವರ ಪಾಲಿಗೆ ಸಲ್ಲುತ್ತಿದ್ದ ಪದವು ಬಡವರ ಪಾಲಿಗೂ ಸಂದಿತೆಂಬುದು ಸಂತೋಷದ ವಿಷಯವಾದರೂ, ಪದದೊಡನೆ ಗೌರವವೂ ಸಂದಿತೇ ಎಂಬುದು ಬೇರೆಯ ಪ್ರಶ್ನೆ.

ದಾವಣಗೆರೆಯು ಪೇಟೆಯಾಗಿಯೇ ಬೆಳೆದ ಊರು. ಬೇತೂರಿನ ಮಗ್ಗುಲಲ್ಲಿ ಅಪ್ರಸಿದ್ಧವಾಗಿದ್ದ ಈ ಗ್ರಾಮವನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಲೂಯಿ ರೈಸರ ಗೆಜೆಟಿಯರು ತಿಳಿಸುತ್ತದೆ. ಮಲೆನಾಡಿನ ಅಡಿಕೆ ಮೆಣಸು ಇಲ್ಲಿಂದ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಹರಿಹರವಾದರೋ ತುಂಗಭದ್ರೆಯ ದಡದ ಪುರಾತನ ಕ್ಷೇತ್ರ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಪೊಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಪ್ರಸಿದ್ಧವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶಕ್ಕೆ ಒಂದು ವಿಚಿತ್ರ ಸ್ಥಾನವಿತ್ತು: ಹರಿಹರವು ಮೈಸೂರಿಗೆ ಸೇರಿತ್ತು, ಹೊಳೆಯಾಚೆಯ ರಾಣೇಬೆನ್ನೂರು ಮುಂಬಯಿ ಪ್ರಾಂತಕ್ಕೆ, ಹತ್ತಿರದ ಹರಪನಹಳ್ಳಿ ಮದರಾಸಿಗೆ ಸೇರಿದ್ದವು. ಹಸಿದವನಿಗೆ ದೊರೆಯುವ ಪಡಿ ಅವನು ಯಾವ ಸರಕಾರದ ಎಲ್ಲೆಯಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿತ್ತು.

ಇದರ ಪರಿಣಾಮ 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಭೀಕರ ಬರದಲ್ಲಿ ಕಂಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಗೊತ್ತುಮಾಡಿದರು. ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಶ್ ಅವರು ಅದನ್ನು ಬಲವಾಗಿ ವಿರೋಧಿಸಿದರು. ಅಲ್ಲಲ್ಲಿ ಗಂಜಿಕೇಂದ್ರಗಳು ತೆರೆದವು. ಆದರೆ ಬೇಯಿಸಿದ ಅನ್ನಕ್ಕಾಗಿ ಬಯಲಿನಲ್ಲಿ ಕೈಯೊಡ್ಡಲಾರದೆ ಮನೆಯೊಳಗೇ ಉಳಿದವರು ಅನೇಕರಿದ್ದರು. ಬರ ಪರಿಹಾರ ನಿಧಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿಯವರು 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿ ದಾಖಲಾಗಿದೆ. ಸರಕಾರದ ಗಂಜಿಗೆ ಬಾರದ ಇಂತಹ ಕುಟುಂಬಗಳಿಗೆ ಮನೆಯಲ್ಲಿಯೇ ಹಣದ ನೆರವನ್ನು ಮುಟ್ಟಿಸುವುದು ಲಂಡನ್ನಿನ ಮ್ಯಾನ್ಶನ್ ಹೌಸ್ ನಿಧಿಯ ಉದ್ದೇಶಗಳಲ್ಲೊಂದಾಗಿತ್ತು. ಆರು ಶತಮಾನಗಳ ಹಿಂದೆ ಭದ್ರೇಶ್ವರದ ವರ್ತಕನು ಕಂಡುಕೊಂಡಿದ್ದನ್ನು ಆಂಗ್ಲರು ಬರವು ಎರಡನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ಕಂಡುಕೊಂಡರು. ಬರದ ತರುವಾಯ ಧಾನ್ಯ ಸಾಗಿಸಲು ರೈಲುಮಾರ್ಗ ಬೇಕೆಂಬ ಒತ್ತಾಯ ಹೆಚ್ಚಿ, 1880ರ ದಶಕದಲ್ಲಿ ಬೆಂಗಳೂರಿನ ಕಡೆಯಿಂದ ಹಳಿಗಳು ದಾವಣಗೆರೆಯನ್ನು ಹಾದು ಹರಿಹರವನ್ನು ತಲುಪಿದವು. ರೈಲಿನಿಂದ ದಾವಣಗೆರೆಯ ಮಂಡಿಗಳು ಬೆಳೆದವು. ಹತ್ತಿ ಬಂತು, ಹತ್ತಿಯ ಹಿಂದೆ 1930ರ ದಶಕದಿಂದ ಗಿರಣಿಗಳು ಬಂದವು, ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು.

ಮಂಡಿಗಳ ಇತಿಹಾಸದಲ್ಲಿ ನಮ್ಮ ಸಮಾಜದ ಮನೆತನಗಳು ನಿಷ್ಠುರವಾಗಿ ನೋಡಿಕೊಳ್ಳಬೇಕಾದ ಒಂದು ಅಧ್ಯಾಯವಿದೆ. ಮೈಸೂರು ಹಾಗೂ ಮುಂಬಯಿ ಪ್ರಾಂತಗಳ ಪೇಟೆಗಳಲ್ಲಿ ರೈತನು ತಂದ ಮಾಲಿನ ಬೆಲೆಯಿಂದ ದಲಾಲಿ, ಹಮಾಲಿ, ತೂಕದ ಕೂಲಿಗಳೊಂದಿಗೆ ‘ಧರ್ಮಾದಾಯ’ವೆಂಬ ಬಾಬನ್ನೂ ಕಳೆಯಲಾಗುತ್ತಿತ್ತು. ಆ ಹಣದಿಂದ ಧರ್ಮಛತ್ರಗಳು ನಡೆದವು, ಅನ್ನದಾನಗಳು ನಡೆದವು, ಗೋಶಾಲೆಗಳು ನಡೆದವು. ಫಲಕದ ಮೇಲೆ ವರ್ತಕನ ಹೆಸರಿತ್ತು, ಹಣ ರೈತನದಾಗಿತ್ತು. ಕೊಡಲೊಪ್ಪದವನ ಚೀಲದಿಂದ ತೆಗೆದದ್ದು ದಾನವಾಗುವುದೇ? ತನ್ನದನ್ನು ತಾನು ಬಿಡುವುದೇ ದಾನವೆಂದು ತತ್ತ್ವಾರ್ಥಸೂತ್ರವು ಹೇಳಿರುವಾಗ ಇದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ. 1928ರಲ್ಲಿ ವರದಿಯಿತ್ತ ರಾಯಲ್ ಕೃಷಿ ಆಯೋಗವು ಇಂತಹ ಕಡಿತಗಳನ್ನು ಟೀಕಿಸಿತು. 1939ರಲ್ಲಿ ಮೈಸೂರಿನಲ್ಲಿ ನಿಯಂತ್ರಿತ ಮಾರುಕಟ್ಟೆಯ ಶಾಸನ ಬಂತು, ಏಕೀಕೃತ ರಾಜ್ಯಕ್ಕೆ 1966ರ ಕೃಷಿ ಉತ್ಪನ್ನ ಮಾರಾಟ ಅಧಿನಿಯಮ ಬಂತು. ಧರ್ಮಾದಾಯಕ್ಕೆ ಕಾನೂನಿನಲ್ಲಿ ಎಡೆಯಿಲ್ಲದಂತಾಯಿತು. ಇದರಿಂದ ಧರ್ಮಕಾರ್ಯಗಳು ಬಡವಾದವೆಂದು ಹಿರಿಯ ವರ್ತಕರು ಹಲುಬಿದ್ದುಂಟು. ಬಡವಾದದ್ದು ಪರರ ಹಣದ ಧರ್ಮ.

ಹಸಿದವನಿಗೆ ಧಾನ್ಯ ಒದಗಿಸುವ ಹೊಣೆಯನ್ನು ಸರಕಾರವೇ ನಿತ್ಯದ ಕಾರ್ಯವಾಗಿ ವಹಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1943ರಲ್ಲಿ ಮುಂಬಯಿಯಲ್ಲಿ ಪಡಿತರ ಆರಂಭವಾಗಿ ಇತರ ನಗರಗಳಿಗೆ ಹರಡಿತು. ಜನರ ಬಾಯಲ್ಲಿ ಅದು ‘ಕಂಟ್ರೋಲು’. ಆಗ ಚೀಟಿ ಎಲ್ಲರ ಕೈಯಲ್ಲಿಯೂ ಇತ್ತು. ಗಿರಣಿ ಕೂಲಿಗಾರನೂ ಗುಮಾಸ್ತನೂ ಒಂದೇ ಸಾಲಿನಲ್ಲಿ ನಿಂತರು. ಎಲ್ಲರೂ ನಿಂತ ಸಾಲಿನಲ್ಲಿ ಲಜ್ಜೆಯಿರುವುದಿಲ್ಲ. 1965ರಲ್ಲಿ ಭಾರತೀಯ ಆಹಾರ ನಿಗಮವು ಸ್ಥಾಪಿತವಾಗಿ ಖರೀದಿ, ಸಂಗ್ರಹ, ವಿತರಣೆಗಳ ಸರಪಳಿ ಗಟ್ಟಿಯಾಯಿತು. 1997ರ ಜೂನಿನಲ್ಲಿ ಕೇಂದ್ರ ಸರಕಾರವು ಬಡತನದ ರೇಖೆಯ ಮೇಲಿನವರು, ಕೆಳಗಿನವರು ಎಂದು ಚೀಟಿಗಳನ್ನು ವಿಂಗಡಿಸಿತು. ಅದೇ ವರ್ಷ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿತು. ಜಿಲ್ಲೆ ಹುಟ್ಟುವ ವೇಳೆಗೆ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು, ಕೆಲವು ವರ್ಷಗಳಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಸಂಬಳದ ದಿನ ಚೀಲ ಹಿಡಿದು ಪೇಟೆಗೆ ಹೋಗುತ್ತಿದ್ದ ಮನೆಗಳು ‘ಬಿಪಿಎಲ್ ಕಾರ್ಡಿನ ಮನೆ’ಗಳಾದವು. ಈಗ ಸಾಲು ಎಲ್ಲರದಾಗಿರಲಿಲ್ಲ.

ಅಮೆರಿಕ ದೇಶವು ಇದೇ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಎದುರಿಸಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿ ಒಂದೆಡೆ ರೈತರ ಬೆಳೆಗೆ ಕೊಳ್ಳುವವರಿರಲಿಲ್ಲ, ಮತ್ತೊಂದೆಡೆ ನಗರಗಳಲ್ಲಿ ಜನ ಹಸಿದಿದ್ದರು. 1939ರ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಆಹಾರ ಚೀಟಿಗಳ ಯೋಜನೆ ಆರಂಭವಾಯಿತು. ಬಡ ಕುಟುಂಬವು ಒಂದು ಡಾಲರಿನ ಕಿತ್ತಳೆ ಬಣ್ಣದ ಚೀಟಿಗಳನ್ನು ಕೊಂಡರೆ ಅರ್ಧ ಡಾಲರಿನ ನೀಲಿ ಚೀಟಿಗಳು ಉಚಿತವಾಗಿ ದೊರೆಯುತ್ತಿದ್ದವು. ಕಿತ್ತಳೆ ಚೀಟಿಗೆ ಯಾವ ಆಹಾರವನ್ನಾದರೂ ಕೊಳ್ಳಬಹುದು; ನೀಲಿ ಚೀಟಿಗೆ ಬೆಣ್ಣೆ, ಮೆಕ್ಕೆಜೋಳದ ಹಿಟ್ಟು, ಒಣ ಬೀನ್ಸು, ಕಿತ್ತಳೆ ಹಣ್ಣು ಮೊದಲಾದ, ರೈತರಲ್ಲಿ ಮಿಕ್ಕ ಪದಾರ್ಥಗಳನ್ನು ಮಾತ್ರ ಕೊಳ್ಳಬಹುದು. ಪ್ರತ್ಯೇಕ ಅಂಗಡಿಯಿರಲಿಲ್ಲ, ಎಲ್ಲರೂ ಹೋಗುವ ಅಂಗಡಿಗೇ ಹೋಗಬೇಕು. 1943ರಲ್ಲಿ ನಿಂತುಹೋದ ಈ ಯೋಜನೆಗೆ 1964ರಲ್ಲಿ ಶಾಶ್ವತ ಶಾಸನದ ರೂಪ ಬಂತು.

ಮುಂದಿನ ಕಥೆ ಇನ್ನೂ ಬೋಧಪ್ರದವಾಗಿದೆ. ಕಾಗದದ ಚೀಟಿಗಳಿದ್ದಾಗ ಬಡವರು ಅವನ್ನು ರೈತರ ಸಂತೆಯಲ್ಲಿಯೂ ಕೊಡಬಹುದಾಗಿತ್ತು. 2004ರ ವೇಳೆಗೆ ಎಲ್ಲ ರಾಜ್ಯಗಳಲ್ಲಿ ಚೀಟಿಯ ಬದಲು ಯಂತ್ರದಲ್ಲಿ ಉಜ್ಜುವ ಕಾರ್ಡು ಬಂತು. ಬಯಲಿನಲ್ಲಿ ನಡೆಯುವ ಸಂತೆಗೆ ವಿದ್ಯುತ್ತೂ ಇಲ್ಲ, ದೂರವಾಣಿಯ ತಂತಿಯೂ ಇಲ್ಲ. ಕಾರ್ಡಿನವರು ಸೊಪ್ಪು ಹಣ್ಣಿನ ಗಾಡಿಗಳಿಂದ ದೂರವಾಗಿ ದೊಡ್ಡ ಅಂಗಡಿಗಳ ಪಾಲಾದರು. ಆಗ ಸಂತೆಗಳನ್ನು ನಡೆಸುವವರೇ ಒಂದು ಉಪಾಯ ಕಂಡುಕೊಂಡರು: ಸಂತೆಯ ಬಾಗಿಲಲ್ಲಿ ಒಂದೇ ಯಂತ್ರವಿಟ್ಟು, ಕಾರ್ಡಿನ ಹಣಕ್ಕೆ ಮರದ ಬಿಲ್ಲೆಗಳನ್ನು ಕೊಟ್ಟು, ಆ ಬಿಲ್ಲೆಗಳನ್ನು ಯಾವ ರೈತನಾದರೂ ಸ್ವೀಕರಿಸುವಂತೆ ಮಾಡಿದರು. 2009ರಲ್ಲಿ ಡೆಟ್ರಾಯಿಟ್ ನಗರದ ಸಂತೆಗಳಲ್ಲಿ ಸ್ಥಳೀಯ ಹಣ್ಣು ತರಕಾರಿಗೆ ಬಡವರು ವೆಚ್ಚ ಮಾಡಿದಷ್ಟೇ ಮೊತ್ತವನ್ನು ಧರ್ಮನಿಧಿಯಿಂದ ಸೇರಿಸಿ ಕೊಡುವ ಪದ್ಧತಿಯೂ ಆರಂಭವಾಯಿತು. ದಾನಿಯ ಹಣ ಬಡವನ ಕೈಯಿಂದ ರೈತನ ಕೈಗೆ ಹೋಗುವ ಈ ಕ್ರಮವು ನಮ್ಮ ಬಸದಿ ಟ್ರಸ್ಟುಗಳ ಗಮನಕ್ಕೆ ಅರ್ಹವಾದುದು.

ಕರ್ನಾಟಕದಲ್ಲಿ 2013ರ ಜುಲೈ 10ರಂದು ಅನ್ನಭಾಗ್ಯ ಯೋಜನೆ ಜಾರಿಗೆ ಬಂತು. ಮೊದಲು ಕಿಲೋ ಒಂದಕ್ಕೆ ಒಂದು ರೂಪಾಯಿಗೆ, 2015ರ ಮೇ ತಿಂಗಳಿಂದ ಉಚಿತವಾಗಿ ಅಕ್ಕಿ ದೊರೆಯಿತು. ಅದೇ 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನವು ಧಾನ್ಯವನ್ನು ಕೃಪೆಯ ಸ್ಥಾನದಿಂದ ಹಕ್ಕಿನ ಸ್ಥಾನಕ್ಕೆ ಏರಿಸಿತು. ಹಸಿವನ್ನು ಹಿಮ್ಮೆಟ್ಟಿಸಿದ ಕೀರ್ತಿ ಈ ಯೋಜನೆಗಳಿಗೆ ನಿಸ್ಸಂದೇಹವಾಗಿ ಸಲ್ಲಬೇಕು. ಉಚಿತ ಅಕ್ಕಿಯಿಂದ ಜನ ಸೋಮಾರಿಗಳಾದರೆಂದು ಹೊಟ್ಟೆ ತುಂಬಿದವರು ಆಡುವ ಮಾತಿಗೆ ಇಲ್ಲಿ ಉತ್ತರಿಸುವ ಅಗತ್ಯವಿಲ್ಲ.

ಆದರೆ ‘ಸೊಸೈಟಿ ಅಕ್ಕಿ’ಯ ಒಂದು ಭಾಗ ಮನೆ ಸೇರಿದ ಕೆಲವೇ ದಿನಗಳಲ್ಲಿ ಮತ್ತೆ ಹೊರಬೀಳುತ್ತದೆ. ಮನೆಮನೆಗೆ ಬಂದು ಅಗ್ಗದ ಬೆಲೆಗೆ ಅದನ್ನು ಕೊಳ್ಳುವವರಿದ್ದಾರೆ. ಪಾಲಿಶ್ ಆಗಿ, ಬೇರೆ ಚೀಲ ತೊಟ್ಟು ಅದೇ ಅಕ್ಕಿ ಪೇಟೆಗೆ ಬರುತ್ತದೆ. ಪಡಿತರ ಅಕ್ಕಿಯ ಅಕ್ರಮ ಸಾಗಣೆಯನ್ನು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಹೊಸದಲ್ಲ. ಮಾರುವವಳು ಅಪರಾಧಿಯೆಂದು ತೀರ್ಪು ಕೊಡುವ ಮೊದಲು ಅವಳ ಒಲೆಯನ್ನು ನೋಡಬೇಕು. ಈ ಸೀಮೆಯ ಊಟವೆಂದರೆ ಜೋಳದ ರೊಟ್ಟಿ, ರಾಗಿಯ ಮುದ್ದೆ. ಭದ್ರಾ ನಾಲೆ ಬಂದ ಮೇಲೆ ದಾವಣಗೆರೆ ಹರಿಹರಗಳಲ್ಲಿ ಭತ್ತ ಬೆಳೆಯಿತು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಜೋಳದ ಜಾಗವನ್ನು ಮೆಕ್ಕೆಜೋಳ ಆಕ್ರಮಿಸಿತು, ಅದರ ಬಹುಪಾಲು ಕೋಳಿಗಳ ಮೇವಿಗೆ ಹೋಗುತ್ತದೆ (ಅಹಿಂಸಾಧರ್ಮದ ವರ್ತಕರು ಯೋಚಿಸಬೇಕಾದ ಇನ್ನೊಂದು ಸಂಗತಿ). ಅಕ್ಕಿಯೊಂದರಿಂದಲೇ ಊಟವಾಗುವುದಿಲ್ಲ, ಬೇಳೆ, ಎಣ್ಣೆ, ಸೊಪ್ಪು, ಈರುಳ್ಳಿ ಬೇಕು. ಆ ಹೆಣ್ಣುಮಗಳು ಅಕ್ಕಿಯನ್ನು ಅರ್ಧಬೆಲೆಗೂ ಕಡಿಮೆಗೆ ಮಾರಿ ಆ ಹಣವನ್ನು ಹಿಡಿದು ಸಂತೆಗೆ ಹೋಗುವಾಗ ಲಜ್ಜಾಪಿಂಡವನ್ನು ತಾನೇ ಒಡೆದುಕೊಳ್ಳುತ್ತಿರುತ್ತಾಳೆ. ಒಳಗಿನ ಹೊನ್ನಿನ ಬಹುಭಾಗ ಮಧ್ಯವರ್ತಿಗೆ ಸೋರಿಹೋಗುತ್ತದೆ. ಆನೆ ಕುದುರೆಗಳನ್ನು ತಂದಿಟ್ಟ ಪ್ರಜೆಗಳ ಕಥೆಗೂ ಇದಕ್ಕೂ ಹೋಲಿಕೆ ಕಾಣದವರು ಯಾರು?

ಒಮ್ಮೆ ಸರಕಾರವೇ ಈ ಪಿಂಡವನ್ನು ಒಡೆದುಕೊಟ್ಟಿತು. 2023ರಲ್ಲಿ ರಾಜ್ಯ ಸರಕಾರವು ತಲೆಗೆ 5 ಕಿಲೋ ಹೆಚ್ಚುವರಿ ಅಕ್ಕಿ ಕೊಡಲು ಮುಂದಾದಾಗ ಆಹಾರ ನಿಗಮದಿಂದ ಅಕ್ಕಿ ದೊರೆಯಲಿಲ್ಲ. ಆದುದರಿಂದ ಜುಲೈ ತಿಂಗಳಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಮನೆಯ ಯಜಮಾನಿಯ ಬ್ಯಾಂಕ್ ಖಾತೆಗೆ ಹಾಕಲಾಯಿತು. ಐದು ಜನರ ಕುಟುಂಬಕ್ಕೆ ತಿಂಗಳಿಗೆ 850 ರೂಪಾಯಿ. ಆ ಹಣ ಯಾವ ಅಂಗಡಿಯಲ್ಲಾದರೂ, ಯಾವ ರೈತನ ಬುಟ್ಟಿಯ ಮುಂದಾದರೂ ನಡೆಯುತ್ತಿತ್ತು. ಹರಿಹರದ ಸಂತೆಯಲ್ಲಿ ಹೊಳೆಸಾಲಿನ ಬದನೆಕಾಯಿಯನ್ನು ಆರಿಸುವ ಹೆಂಗಸಿನ ಕೈಯಲ್ಲಿರುವುದು ಕೂಲಿಯ ಹಣವೋ ಅನ್ನಭಾಗ್ಯದ ಹಣವೋ ಎಂಬುದನ್ನು ಯಾರೂ ಕೇಳುವಂತಿರಲಿಲ್ಲ. ವಿಧಿಯ ದೃಷ್ಟಿಯಿಂದ ಇದು ಜಗಡೂ ಶಾಹನ ದಾನಕ್ಕೆ ಅತ್ಯಂತ ಸಮೀಪವಾದ ಕ್ರಮ.

ಹಾಗೆಂದು ಅದನ್ನು ಪರಿಪೂರ್ಣವೆನ್ನಲಾಗದು. ಆಧಾರ್ ಜೋಡಣೆಯಾಗದ ಖಾತೆಯವರಿಗೆ ಹಣ ತಲುಪಲಿಲ್ಲ, ಕೆಲವು ತಿಂಗಳ ಹಣ ತಡವಾಯಿತು. ಅದಕ್ಕಿಂತಲೂ ಮುಖ್ಯವಾಗಿ, ಅಕ್ಕಿಯ ತೂಕ ಬದಲಾಗುವುದಿಲ್ಲ, ಹಣದ ತೂಕ ಬದಲಾಗುತ್ತದೆ. ಅದೇ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಸೋನಾ ಮಸೂರಿಯ ಬೆಲೆ 34 ರೂಪಾಯಿಗಿಂತ ಬಹಳ ಮೇಲಿತ್ತು. ಪೇಟೆಯ ಬೆಲೆ ಏರಿದಾಗ ಬಡವನ ಕೈಯ ಹಣ ಕರಗುತ್ತದೆಂಬುದು ಜಗಡೂ ಶಾಹನಿಗೂ ತಿಳಿದಿತ್ತು. ನಾಣ್ಯ ಹಂಚಿದ ಅವನು ಕಣಜಗಳನ್ನೂ ತೆರೆದದ್ದು ಅದಕ್ಕಾಗಿಯೇ ಇರಬೇಕು. 2025ರ ಫೆಬ್ರವರಿಯಿಂದ ಹಣ ನಿಂತು ಮತ್ತೆ ಅಕ್ಕಿಯೇ ಬಂತು, ಕೇಂದ್ರವು ಕಿಲೋಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಕೊಡಲು ಒಪ್ಪಿದ್ದರಿಂದ. ಅಕ್ಟೋಬರಿನಲ್ಲಿ ಸಚಿವ ಸಂಪುಟವು ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಪೊಟ್ಟಣ ಕೊಡಲು ತೀರ್ಮಾನಿಸಿತು. ಅಕ್ಕಿ ಮಾರಿಹೋಗುತ್ತಿದೆ ಎಂಬುದನ್ನು ಆಳುವವರೂ ಒಪ್ಪಿಕೊಂಡಂತಾಯಿತು. ರೈತರಿಂದ ಬೆಂಬಲ ಬೆಲೆಗೆ ಕೊಂಡ ರಾಗಿ ಜೋಳಗಳನ್ನು ಆಯಾ ಸೀಮೆಯ ಚೀಟಿದಾರರಿಗೆ ಹಂಚುವ ಪದ್ಧತಿಯೂ ರಾಜ್ಯದಲ್ಲಿ ನಡೆದುಬಂದಿದೆ. 2023-24ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ. ಜಗಳೂರಿನ ಒಣಭೂಮಿಯ ರೈತನನ್ನೂ ದಾವಣಗೆರೆಯ ಕೊಳಚೆ ಪ್ರದೇಶದ ಕುಟುಂಬವನ್ನೂ ಒಂದೇ ಚೀಲದಲ್ಲಿ ಕೂಡಿಸಬಲ್ಲ ಪದ್ಧತಿಯಿದು.

ಇಷ್ಟೆಲ್ಲ ವ್ಯವಸ್ಥೆಯಲ್ಲಿ ತಕ್ಕಡಿ ಹಿಡಿದವನ ಪಾತ್ರವೇನು? ಶ್ರಾವಕನ ಅಚೌರ್ಯಾಣುವ್ರತಕ್ಕೆ ಆಚಾರ್ಯರು ಹೇಳಿರುವ ಅತಿಚಾರಗಳನ್ನು ಪಡಿತರ ಅಕ್ಕಿಯ ದಾರಿಯಲ್ಲಿ ನಿಂತು ಓದಿದರೆ ಅವು ಇಂದಿನ ಮಾತಿನಂತೆಯೇ ಕೇಳುತ್ತವೆ. ಅನ್ಯಾಯವಾಗಿ ಬಂದ ಮಾಲನ್ನು ಅಗ್ಗವೆಂದು ಕೊಳ್ಳುವುದು ಅವುಗಳಲ್ಲೊಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು ಮತ್ತೊಂದು. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಒಂದು ಅಳತೆ ಇಟ್ಟುಕೊಳ್ಳುವುದು ಇನ್ನೊಂದು. ಒಂದು ಸರಕನ್ನು ಬೇರೊಂದರ ರೂಪದಲ್ಲಿ ಮಾರುವುದೂ ಅದೇ ಪಟ್ಟಿಯಲ್ಲಿದೆ. ಪಾಲಿಶ್ ಮಾಡಿದ ಸೊಸೈಟಿ ಅಕ್ಕಿಗೆ ಇದಕ್ಕಿಂತ ನಿಖರವಾದ ಹೆಸರು ಸಿಗದು. ಮಂಡಿಪೇಟೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ ಇಂತಹ ಚೀಲವನ್ನು ಒಳಗಿಳಿಸಿಕೊಂಡ ಅಂಗಡಿಯವನು ಮಹಾವೀರ ಜಯಂತಿಯ ದಿನ ಸಾವಿರ ಜನರಿಗೆ ಊಟವಿಕ್ಕಿದರೂ ಅದು ಹಿಂದಿನ ಧರ್ಮಾದಾಯದ ಲೆಕ್ಕಕ್ಕೇ ಸೇರುತ್ತದೆ.

ನ್ಯಾಯಬೆಲೆ ಅಂಗಡಿಗಳಲ್ಲಿ ಈಗ ವಿದ್ಯುನ್ಮಾನ ತಕ್ಕಡಿಯೂ ಬೆರಳಚ್ಚಿನ ಯಂತ್ರವೂ ಬಂದಿವೆ. ದುಡಿದು ಬೆರಳಿನ ಗೆರೆ ಸವೆದವರ ಗುರುತನ್ನು ಆ ಯಂತ್ರ ಹಿಡಿಯುವುದಿಲ್ಲ. ಮುದುಕಿಯೊಬ್ಬಳು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮೂರು ನಾಲ್ಕು ಸಲ ಒತ್ತುವಾಗ ಹಿಂದಿನ ಸಾಲೆಲ್ಲ ಅವಳನ್ನೇ ನೋಡುತ್ತಿರುತ್ತದೆ. ಅದೇ ಮುದುಕಿ ಸಂತೆಯಲ್ಲಿ ನಿಂಬೆಹಣ್ಣನ್ನು ಹಿಚುಕಿ ನೋಡಿ, ಬೆಲೆಗೆ ಚೌಕಾಸಿ ಮಾಡಿ, ಒಪ್ಪಿಗೆಯಾಗದಿದ್ದರೆ ಮುಂದಿನ ಬುಟ್ಟಿಗೆ ನಡೆದುಬಿಡುತ್ತಾಳೆ.